ಬಾಯಿ ಬಿಡದ ಫೈಲು

ಲೋಕಲ್ ಟ್ರೇನಿನಲ್ಲಿ ಯಾರದೋ ಕಂಕುಳಡಿ ಮೂಗು ಸಿಕ್ಕಿಸಿಕೊಂಡು ನಿಂತಿದ್ದಾಗಲೇ ಸಂದೀಪನ ಮೊಬೈಲಿಗೆ ಆ ಇ-ಮೇಲ್ ಬಂತು. ಹೋಟೆಲಿನ ಧಣಿಗಳ ನಂಬರಿನಿಂದ ಬಂದ ಕರೆಯದು. ಓದೋಣವೆಂದರೆ ಅಕ್ಷರ ಒಂದೂ ಇಲ್ಲ. ನಾಯಿಯ ಬಾಲಕ್ಕೆ ಕಟ್ಟಿದ ಡಬ್ಬದಂತೆ ಒಂದು ಆಡಿಯೋ ಫೈಲು ಮಾತ್ರ ತಗಲಿಕೊಂಡಿತ್ತು.

ಸಂದೀಪ ದುಡಿಯುವ ಗ್ರಾಂಟ್ ರೋಡಿನ ಹೋಟೆಲಿಗೂ ಉಳಿದ ಬ್ರಾಂಚುಗಳಿಗೂ ಧಣಿಗಳು ಹೊಸ ಫೋನ್ ಹಾಕಿಸಿದ್ದರು. ಯಾರೂ ಎತ್ತದಿದ್ದರೆ ಅತ್ತಲಿನವರು ಆಡಿದ ಮಾತೆಲ್ಲ ರೆಕಾರ್ಡ್ ಆಗಿ ಧಣಿಗಳಿಗೂ ಕೌಂಟರಿನವರಿಗೂ ಇ-ಮೇಲಿನಲ್ಲಿ ಬರುತ್ತದೆ. ವಿಲೆ ಪಾರ್ಲೆಯ ಹೊಸ ಬ್ರಾಂಚಿಗೆ ಮ್ಯಾನೇಜರ್ ಯಾರೆಂದು ಇವತ್ತು ಹೇಳುತ್ತೇನೆ ಎಂದೂ ಅಂದಿದ್ದರು. ಬಿಲ್ಲಿಂಗ್ ನೋಡಿಕೊಳ್ಳುವ ಸಂದೀಪ ಕೂಡಲೇ, "ಕಂಪ್ಯೂಟರು, ಆನ್‌ಲೈನು ಎಲ್ಲ ನಂಗೆ ಬಿಡಿ ಧಣಿ, ನೀರು ಕುಡಿದ ಹಾಗೆ" ಎಂದು ಎದೆಯುಬ್ಬಿಸಿದ್ದ.

ಈಗ ಫೈಲು ಒತ್ತಿದ. 'ಈ ಫಾರ್ಮ್ಯಾಟ್ ತೆರೆಯಲು ಸಾಧ್ಯವಿಲ್ಲ' ಎಂದಿತು ಫೋನು.

ಎಂಥ ಅನ್ಯಾಯ! ದೊಡ್ಡಮ್ಮ ಕಳಿಸುವ ಗಿಳಿ, ಗುಲಾಬಿ, ಶುಭೋದಯಗಳನ್ನೆಲ್ಲ ಬೇಡವೆಂದರೂ ತೆರೆದು ಹಾಡಿಸುವ ಫೋನಿಗೆ ಧಣಿಗಳ ನಾಲ್ಕು ಮಾತು ಭಾರವಾಯಿತೇ? ಅಜ್ಜಿಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆ ಪೆಟ್ಟಿಗೆಯೊಳಗಿನ ದುಂಬಿಯಲ್ಲಿ ಇರುವಂತೆ, ಅವನ ಪಾರ್ಲೆ ಬ್ರಾಂಚು ಆ ಫೈಲಿನೊಳಗೆ ಗುಂಯ್‌ಗುಡುತ್ತಿತ್ತು. ರಾಜಕುಮಾರನಿಗಾದರೆ ದಾರಿ ತೋರಿಸಲು ಮಾತಾಡುವ ಹಕ್ಕಿಯಿತ್ತು. ಹೋಟೆಲು ಮುಟ್ಟಿದ ಸಂದೀಪನಿಗೆ ಸಿಕ್ಕವರು ಕ್ಯಾಷಿನ ಪ್ರಫುಲ್ಲಾ ಮತ್ತು ಅಡುಗೆಮನೆಯ ನಿಂಗಣ್ಣ.

"ನಂಗೂ ಬಂದಿದೆ ಮಾರಾಯ, ಓಪನ್ ಆಗುದಿಲ್ಲ," ಎಂದಳು ಪ್ರಫುಲ್ಲಾ, ಚಿಲ್ಲರೆ ಜೋಡಿಸುತ್ತ. "ಧಣಿ ಕೇಳಿದ್ರೆ ಆಗುದಿಲ್ಲ ಅಂತ ಹೇಳುದು."

"ಹಾಗೆ ಹೇಳಿದವರಿಗೆ ಪಾರ್ಲೆ ಕೊಡ್ತಾರಾ ಪ್ರಫುಲ್ಲಕ್ಕ? ಮರ್ಯಾದೆ ಪ್ರಶ್ನೆ!"

ನಿಂಗಣ್ಣ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದ. "ಅದಕ್ಯಾಕ್ರೀ ಇಷ್ಟ ತಲಿ ಕೆಡಿಸ್ಕೋತೀರಿ? ಹೆಸರ ಬದಲಿ ಮಾಡ್ರಿ. ಕಡೀಕ ಎಂಪಿತ್ರೀ ಅಂತ ಬರೀರಿ, ತಾನ ಹಾಡ್ತೈತಿ."

ಬರೆದ. ಬಣ್ಣ ಬಳಿದರೆ ಹುಲಿಯಾಗುತ್ತೇನೆಯೇ ಎಂಬಂತೆ ಫೈಲು ಸುಮ್ಮನೆ ಕೂತಿತು. ಟೀ ಕುಡಿಯುತ್ತಿದ್ದ ಗಿರಾಕಿಯೊಬ್ಬರು ಯಾವುದೋ ಆ್ಯಪ್ ಹಾಕಿಸಿದರು. ಅದು ಧಣಿಗಳ ದನಿಯ ಬದಲು ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತನ್ನು ಇಡೀ ಹೋಟೆಲಿಗೆ ಕೇಳುವಂತೆ ಕಿರುಚಿತು. ಬೆಣ್ಣೆ ಮಸಾಲೆ ಮುರಿಯುತ್ತಿದ್ದ ದಪ್ಪ ಸೇಠರು ತುತ್ತು ಕೆಳಗಿಟ್ಟು ಎದ್ದೇಬಿಟ್ಟರು.

"ಗಿರಾಕಿ ಓಡಿಸ್ಲಿಕ್ಕೆ ಸಂಬಳವಾ ನಿಂಗೆ?" ಎಂದಳು ಪ್ರಫುಲ್ಲಾ.

ಅಷ್ಟರಲ್ಲಿ ಹೋಟೆಲಿನ ಫೋನು ಬಡಿದುಕೊಂಡಿತು. ಧಣಿಗಳು!

"ಸಂದೀಪಾ, ನನ್ನ ಮೆಸೇಜ್ ಕೇಳಿದ್ಯಾ?"

"ಕೇಳಿದೆ ಧಣಿ! ಎದುರು ಕೂತು ಮಾತಾಡಿದ ಹಾಗೆ ಉಂಟು."

"ಹೌದಾ! ಹಾಗಾದ್ರೆ ಅದ್ರಲ್ಲಿ ಹೇಳಿದ್ದಕ್ಕೆ ಒಪ್ಪಿಗೆಯಾ?"

"ಎರಡು ಮಾತಿಲ್ಲ ಧಣಿ."

"ಭೇಷ್! ಫೋನ್ ಪ್ರಫುಲ್ಲಾಗೆ ಕೊಡು."

ಪ್ರಫುಲ್ಲಾ ಫೋನ್ ತೆಗೆದುಕೊಂಡು, "ಇಲ್ಲ ಧಣಿ, ನಂಗೆ ಓಪನ್ನೇ ಆಗ್ಲಿಲ್ಲ" ಎಂದಳು. ಆಮೇಲೆ ಬರೀ ಹಾಂ, ಹಾಂ. ಪಾಪ, ಬೈಗುಳ ತಿನ್ನುತ್ತಿದ್ದಾಳೆ ಎಂದು ಸಂದೀಪನ ಕರುಳು ಚುರುಕ್ಕೆಂದಿತು.

ಊಟದ ಗದ್ದಲ ಮುಗಿದದ್ದೇ ಅವನು ಸ್ಟೇಷನ್ ಎದುರಿನ ಮೊಬೈಲ್ ಅಂಗಡಿಗೆ ಓಡಿದ. ಅಂಗಡಿಯವನು ಫೈಲನ್ನು ಕಂಪ್ಯೂಟರಿಗೆ ಹಾಕಿ ನಕ್ಕ. "ಅರೇ ಭಾಯ್, ಯೇ ಫಾರ್ಮ್ಯಾಟ್ ಮೊಬೈಲ್ ಮೇ ನಹೀ ಚಲೇಗಾ. ಬದಲ್‌ನಾ ಪಡೇಗಾ." ಮೊಬೈಲಿನಲ್ಲಿ ನಡೆಯದ ಫಾರ್ಮ್ಯಾಟನ್ನು ಬದಲಿಸಿದವನೇ, ಸರಿಯಾಯಿತೋ ನೋಡಲು ಗಲ್ಲಾಪೆಟ್ಟಿಗೆಯ ಮೇಲಿನ ದೊಡ್ಡ ಸ್ಪೀಕರಿನಲ್ಲಿ ಹಾಕಿದ. ಫುಟ್‌ಪಾತಿನಲ್ಲಿ ಹೋಗುವವರೆಲ್ಲ ತಿರುಗಿ ನೋಡುವಂತೆ ಧಣಿಗಳು ಗುಡುಗಿದರು:

"ಸಂದೀಪಾ, ಪ್ರಫುಲ್ಲಾ, ಇಬ್ಬರಿಗೂ ಹೇಳುದು. ಈ ಹೊಸ ಫೋನಿನ ಹಾಳು ಮೆಸೇಜು ಒಂದೂ ನನ್ನ ಮೊಬೈಲಲ್ಲಿ ಓಪನ್ ಆಗುದಿಲ್ಲ. ನಿಮ್ಮಲ್ಲಿ ಯಾರಿಗೆ ಆಗ್ತದೋ ಅವರು ಗ್ರಾಂಟ್ ರೋಡಲ್ಲೇ ಕೂತು ಎಲ್ಲ ಬ್ರಾಂಚಿನ ಮೆಸೇಜ್ ಕೇಳಿ ನಂಗೆ ಹೇಳ್ಬೇಕು. ಇನ್ನೊಬ್ಬರು ಪಾರ್ಲೆಗೆ ಮ್ಯಾನೇಜರ್. ಇಬ್ಬರಿಗೂ ಆಗದಿದ್ರೆ ಫೋನು ವಾಪಸ್, ಪಾರ್ಲೆ ಸಂದೀಪನಿಗೆ."

ಸಂದೀಪ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದ. ಯಾರನ್ನು ಬೈಯುವುದು? ಫೋನನ್ನೇ? ಫೈಲನ್ನೇ? ಸುಳ್ಳಾಡಿದ ನಾಲಗೆ ಅವನದೇ ಬಾಯಲ್ಲಿತ್ತು. ಅಷ್ಟರಲ್ಲಿ ಜೇಬು ಟಿಣ್ ಎಂದಿತು. ಮತ್ತೆ ಟಿಣ್. ಮತ್ತೆ. ಎಲ್ಲ ಬ್ರಾಂಚುಗಳ ಇ-ಮೇಲ್, ಪ್ರತಿಯೊಂದರ ಬಾಲಕ್ಕೂ ಒಂದೊಂದು ಡಬ್ಬ.

ದಿನಾ ಬರುವ ಗಿರಾಕಿ ಸಿಕ್ಕ ಖುಷಿಯಲ್ಲಿ ಅಂಗಡಿಯವನು ಇಣುಕಿ ನೋಡಿ ಪ್ರೀತಿಯಿಂದ ಕೇಳಿದ: "ಭಾಯ್, ರೋಜ್ ಆವೋಗೇ ಕ್ಯಾ?"