ಬೆಂಕಿಯಾರಿಸುವ ಗಾಡಿಗೆ ಆಯುಧಪೂಜೆ

ಈ ಸಲದ ಆಯುಧಪೂಜೆಯ ದಿನ ಹೆಂಡತಿಯನ್ನು ಬೆರಗುಗೊಳಿಸಿಯೇ ತೀರುತ್ತೇನೆ ಎಂದು ಅಟ್ಟೂರಿನ ಅನಂತರಾಜು ಪಣ ತೊಟ್ಟ. ಸಣ್ಣಪುಟ್ಟ ಬೆರಗಲ್ಲ, ತೆರೆದ ಬಾಯಿ ತೆರೆದ ಹಾಗೇ ಇರಬೇಕು, ರೆಪ್ಪೆ ಮಿಟುಕಿಸುವುದನ್ನೂ ಮರೆಯಬೇಕು, ಅಂಥ ಬೆರಗು! ಪಣ ತೊಟ್ಟಿದ್ದು ಬಚ್ಚಲುಮನೆಯಲ್ಲಿ, ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಾಗ. ಮಹಾನಿರ್ಧಾರಗಳಿಗೆ ಬೇಕಾದ ಏಕಾಂತ ಅವನಿಗೆ ಸಿಗುತ್ತಿದ್ದದ್ದು ಅಲ್ಲಿ ಮಾತ್ರ.

ಸುಮ್ಮಸುಮ್ಮನೆ ಯಾರೂ ಇಂಥ ಪಣ ತೊಡುವುದಿಲ್ಲ. ಅನಂತರಾಜುವಿಗೆ ವಿಜ್ಞಾನದ ಸುದ್ದಿ ಎಂದರೆ ಪ್ರಾಣ. ಬೆಳಿಗ್ಗೆ ಎದ್ದು ಉಳಿದವರು ಮೊಬೈಲಿನಲ್ಲಿ ಚಿನ್ನದ ರೇಟು ನೋಡಿದರೆ ಇವನು ಶನಿಗ್ರಹಕ್ಕೆ ಹೊಸದಾಗಿ ಚಂದ್ರರು ಯಾರಾದರೂ ಸಿಕ್ಕಿದರಾ ಎಂದು ನೋಡುತ್ತಾನೆ. ನೋಡಿಕೊಂಡು ಸುಮ್ಮನಿದ್ದರೆ ಲೋಕಕ್ಕೆ ತೊಂದರೆ ಇರಲಿಲ್ಲ. ಆದರೆ ತಿಳಿದದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವ ತನಕ ಅವನಿಗೆ ತಿಂದ ಅನ್ನ ಅರಗುವುದಿಲ್ಲ. ಮನೆಯಲ್ಲಿ ಕೈಗೆ ಸಿಗುವ ಕಿವಿ ಎಂದರೆ ಹೆಂಡತಿ ಶಾಂತಲಾಳದ್ದು.

"ಶಾಂತಲಾ, ಆಕ್ಟೋಪಸ್‌ಗೆ ಮೂರು ಹೃದಯ ಇರುತ್ತೆ, ಗೊತ್ತಾ?"

"ಹೌದಾ. ಕುಕ್ಕರ್ ಎಷ್ಟು ಸಲ ಕೂಗ್ತು?"

"ಮಿಂಚು ಇದೆಯಲ್ಲ, ಅದು ಸೂರ್ಯನ ಮೇಲ್ಮೈಗಿಂತ ಬಿಸಿಯಂತೆ ಕಣೆ."

"ಹೌದಾ. ಹಾಗಾದ್ರೆ ಮಹಡಿ ಮೇಲಿನ ಬಟ್ಟೆ ತಂದ್ಬಿಡಿ. ಮೋಡ ಆಗಿದೆ."

ಮದುವೆಯಾದ ಲಾಗಾಯ್ತು ಇದೇ ಪಾಡು. ಬ್ರಹ್ಮಾಂಡವನ್ನೇ ಹೊತ್ತು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರೂ ಶಾಂತಲಾ ಅದನ್ನು ಪಕ್ಕಕ್ಕೆ ಸರಿಸಿ ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ಗಂಡನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಬೆರಗೊಂದೇ ಇರಲಿಲ್ಲ. ಅದೊಂದು ಕೊರತೆ ಅನಂತರಾಜುವಿನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅವನ ತಾಯಿ ಮುನಿಯಲ್ಲಮ್ಮನದು ಇನ್ನೊಂದು ದಾರಿ. ಆಕೆ ಕಿವಿಗೊಟ್ಟು ಕೇಳುತ್ತಿದ್ದಳು, ಆದರೆ ಆಕೆ ಕೇಳಿದ ಮೇಲೆ ವಿಜ್ಞಾನಕ್ಕೆ ಮರ್ಯಾದೆ ಉಳಿಯುತ್ತಿರಲಿಲ್ಲ. ಬಾಳೆಹಣ್ಣಿನಲ್ಲಿ ಚೂರೇ ಚೂರು ವಿಕಿರಣ ಇರುತ್ತದೆ ಎಂದು ಮಗ ಹೇಳಿದ್ದಕ್ಕೆ, "ಅದ್ಕೇ ಮೊದ್ಲು ದೇವ್ರಿಗಿಕ್ಕಿ ಆಮ್ಯಾಕೆ ತಿನ್ನಾದು. ಇದ್ನ ಈಗ ಕಂಡಿಡುದ್ರಾ ಅವ್ರು?" ಎಂದಿದ್ದಳು. ಆಕ್ಟೋಪಸ್ ವಿಷಯ ಬಂದಾಗ, "ಪಾಪ, ಮೂರಕ್ಕೂ ಬೀಪಿ ಬಂದ್ರೆ ಎಂಗೆ ಸಂಬಾಳಿಸ್ತದೆ?" ಎಂದು ನಿಜವಾಗಿಯೂ ನೊಂದುಕೊಂಡಳು.

ಇನ್ನು ಕೆಲಸ. ಯಶವಂತಪುರದ ಹಿಂಬದಿಯ ಗಲ್ಲಿಯೊಂದರಲ್ಲಿ ಬಾಟಲಿಯ ಮುಚ್ಚಳ ಮಾಡುವ ಕಾರ್ಖಾನೆಗೆ ಅನಂತರಾಜು ಸೇಫ್ಟಿ ಆಫೀಸರ್. ಹಿರಿಯರ ರಾಗಿ ಹೊಲ ಲೇಔಟ್ ಆಗಿ, ಅದರಲ್ಲಿ ಎದ್ದ ಮನೆಗಳಿಂದ ಬಾಡಿಗೆ ಬರುತ್ತಿದ್ದುದರಿಂದ ಅವನು ದುಡಿಯಲೇಬೇಕು ಅನ್ನುವಂತಿರಲಿಲ್ಲ. "ಬಾಟ್ಲಿನಾದ್ರೂ ಮಾಡ್ತಾರಾ ಅಂದ್ರೆ ಅದೂ ಇಲ್ಲ. ಬರೀ ಮುಚ್ಚಳಕ್ಕೆ ಅಷ್ಟು ದೂರ ಓಗ್ಬೇಕಾ?" ಎಂದು ಮುನಿಯಲ್ಲಮ್ಮ ಕೇಳದ ದಿನವಿಲ್ಲ. ಆದರೂ ಅವನು ಹೋಗುತ್ತಿದ್ದ, ಏಕೆಂದರೆ ಅಲ್ಲಿ ದಿನಾ ಬೆಳಿಗ್ಗೆ ಸುರಕ್ಷತೆಯ ಬಗ್ಗೆ ಭಾಷಣ ಮಾಡಬೇಕಿತ್ತು ಮತ್ತು ಕೆಲಸಗಾರರು ಎದ್ದು ಹೋಗುವ ಹಾಗಿರಲಿಲ್ಲ.

ಭಾಷಣ ಹೆಲ್ಮೆಟ್ಟಿನಿಂದ ಶುರುವಾಗಿ ಚಂದ್ರನ ಹತ್ತಿರ ನಿಲ್ಲುತ್ತಿತ್ತು. "ಚಂದ್ರ ವರ್ಷಕ್ಕೆ ನಾಲ್ಕು ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಹೋಗ್ತಿದ್ದಾನೆ" ಎಂದು ಅವನು ಒಂದು ದಿನ ಕಣ್ಣು ಮುಚ್ಚಿಕೊಂಡು ಹೇಳಿದ. ಕಣ್ಣು ತೆರೆದಾಗ ಆರ್.ಟಿ. ನಗರದಿಂದ ಬರುವ ಹಿರಿಯ ಫಿಟ್ಟರ್ ಅಕ್ಬರ್ ಪಾಷಾ ಆಕಳಿಸುತ್ತಿದ್ದ.

"ಪರವಾಗಿಲ್ಲ ಸಾರ್. ಮೇಖ್ರಿ ಸರ್ಕಲ್ ಟ್ರಾಫಿಕ್‌ನಾಗೆ ನಾನು ಅಷ್ಟೂ ಮುಂದಕ್ಕೆ ಹೋಗಲ್ಲ" ಎಂದ ಪಾಷಾ.

"ಅದಿರಲಿ, ನಿನ್ನ ಹೆಲ್ಮೆಟ್ ಎಲ್ಲಿ?"

"ಅದರಾಗೆ ಕಡ್ಲೆಕಾಯಿ ನೆನೆಹಾಕಿದೀನಿ ಸಾರ್. ಹತ್ತು ಗಂಟೆಗೆ ಖಾಲಿ ಆಗುತ್ತೆ."

ಇಂಥ ಲೋಕದಲ್ಲಿ ಬದುಕುವವನು ಕನಸು ಕಾಣದೆ ಇನ್ನೇನು ಮಾಡಿಯಾನು? ಬಸ್ಸಿನ ಕಿಟಕಿಗೆ ತಲೆಯಾನಿಸಿದರೆ ಸಾಕು, ಅನಂತರಾಜುವಿಗೆ ಕನಸು ಬೀಳುತ್ತಿತ್ತು. ಹಬ್ಬ ಹತ್ತಿರವಾದ ಹಾಗೆ ಕನಸೂ ಒಂದೇ ಆಯಿತು. ಆಯುಧಪೂಜೆಯ ದಿನ ಕಾರ್ಖಾನೆಗೆ ಎಲ್ಲರ ಮನೆಯವರೂ ಬರುವುದು ವಾಡಿಕೆ. ಮನೆಯ ಮಿಕ್ಸಿ, ಈಳಿಗೆಮಣೆಗಳ ಪೂಜೆಯ ನೆಪ ಹೇಳಿ ಪ್ರತಿವರ್ಷ ತಪ್ಪಿಸಿಕೊಳ್ಳುತ್ತಿದ್ದ ಶಾಂತಲಾ ಈ ವರ್ಷ ಬರುತ್ತೇನೆ ಎಂದಿದ್ದಳು. ಬರಲಿ! ಅಂಗಳದಲ್ಲಿ ಒಂದು ಕಬ್ಬಿಣದ ಟ್ರೇ, ಟ್ರೇಯಲ್ಲಿ ಡೀಸೆಲ್, ಡೀಸೆಲಿಗೆ ಬೆಂಕಿ. ಜ್ವಾಲೆ ಆಳೆತ್ತರ ಏಳುತ್ತದೆ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಆಗ ಅನಂತರಾಜು ನಿಧಾನವಾಗಿ ಮುಂದೆ ಬಂದು, "ಯಾರೂ ಗಾಬರಿ ಆಗ್ಬೇಡಿ" ಎನ್ನುತ್ತಾನೆ. ಬುಸ್ಸೆಂದು ಬಿಳಿ ಪುಡಿ ಚಿಮ್ಮುತ್ತದೆ. ಬೆಂಕಿ ಮಾಯ. ಗಾಳಿಗೆ ಅವನ ತಲೆಗೂದಲು ಹಾರಾಡುತ್ತದೆ. ಎಚ್ಚರದಲ್ಲಿ ಇಲ್ಲದ ಕೂದಲು ಕನಸಿನಲ್ಲಿ ದಂಡಿಯಾಗಿರುತ್ತಿತ್ತು. ಗುಂಪಿನ ನಡುವೆ ಶಾಂತಲಾ ಬಾಯಿ ತೆರೆದು ಅವನನ್ನೇ ನೋಡುತ್ತಿರುತ್ತಾಳೆ. ಅಷ್ಟರಲ್ಲಿ ಕಂಡಕ್ಟರ್ ಯಶವಂತಪುರ ಎಂದು ಕೂಗುತ್ತಿದ್ದ.

ಹಬ್ಬದ ಬೆಳಿಗ್ಗೆ ಕಾರ್ಖಾನೆ ಮಿಂದು ಮಡಿಯುಟ್ಟಿತ್ತು. ಆಯುಧಪೂಜೆಯಲ್ಲಿ ಯಾರ ಆಯುಧಕ್ಕೆ ಅವರದೇ ಪೂಜೆ ತಾನೆ? ಫಿಟ್ಟರುಗಳು ಸ್ಪ್ಯಾನರಿಗೆ ಕುಂಕುಮವಿಟ್ಟರು, ಆಫೀಸಿನವರು ಕಂಪ್ಯೂಟರಿಗೆ ಹೂ ಮುಡಿಸಿದರು. ಸೇಫ್ಟಿ ವಿಭಾಗಕ್ಕೆ ಅನಂತರಾಜು ಒಬ್ಬನೇ. ಅವನ ಆಯುಧಗಳಲ್ಲಿ ಸೇನಾಪತಿ ಎಂದರೆ ಜನರೇಟರಿನ ಪಕ್ಕ ನಿಂತಿರುತ್ತಿದ್ದ, ಬೆಂಕಿಯಾರಿಸುವ, ಎರಡು ಗಾಲಿಯ ದೊಡ್ಡ ಕೆಂಪು ಸಿಲಿಂಡರ್. ಹೊಟ್ಟೆ ತುಂಬ ಪುಡಿ. ಮೇಲಿನ ಹಿಡಿ ಅದುಮಿದರೆ ಪೈಪಿನಿಂದ ಚಿಮ್ಮುತ್ತದೆ. ಯಾರೂ ತಪ್ಪಿ ಅದುಮದ ಹಾಗೆ ಹಿಡಿಗೆ ಒಂದು ಪಿನ್ನು, ಪಿನ್ನಿಗೆ ಒಂದು ಸೀಲು. ಪ್ರದರ್ಶನದ ಹೊತ್ತಿನಲ್ಲಿ ತಡವರಿಸಬಾರದೆಂದು ಅನಂತರಾಜು ಬೆಳಿಗ್ಗೆಯೇ ಸೀಲು ಕತ್ತರಿಸಿ, ಪಿನ್ನನ್ನು ಸಡಿಲ ಮಾಡಿ ಇಟ್ಟಿದ್ದ. ಯಾವ ಕಾರಣಕ್ಕೂ ಹಾಗೆ ಮಾಡಬಾರದು ಎಂದು ಪ್ರತಿ ಸೋಮವಾರ ಭಾಷಣ ಬಿಗಿಯುತ್ತಿದ್ದವನೂ ಅವನೇ, ಅದನ್ನು ಬೇರೆ ಹೇಳಬೇಕೇ.

ಪುರೋಹಿತರು ದೊಡ್ಡ ಯಂತ್ರಕ್ಕೆ ಮಂಗಳಾರತಿ ಮಾಡಿ, ಸ್ಕೂಟರ್ ಹತ್ತಿ ಮುಂದಿನ ಕಾರ್ಖಾನೆಗೆ ಓಡಿದರು. ಕೆಂಪು ಸಿಲಿಂಡರ್ ಪೂಜೆಯಿಲ್ಲದೆ ಉಳಿಯಿತು. ಅದನ್ನು ಕಂಡು ಮುನಿಯಲ್ಲಮ್ಮನಿಗೆ ತಡೆಯಲಾಗಲಿಲ್ಲ. ಮಗನ ಆಯುಧ ಬೋಳಾಗಿ ನಿಲ್ಲುವುದೆಂದರೇನು! ಅನಂತರಾಜು ಟ್ರೇಗೆ ಡೀಸೆಲ್ ತರಲು ಆಚೆ ಹೋಗಿದ್ದ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆಯ ದಪ್ಪ ಹಾರವನ್ನು ಹಿಡಿಗೆ ಕಟ್ಟಲು ಹೋದಳು. ಏನೋ ಅಡ್ಡ ಬಂತು.

"ಇದ್ಯಾವ್ದೋ ಕಡ್ಡಿ ಊವಿಗೆ ಚುಚ್ತದೆ ಕಣಮ್ಮ" ಎನ್ನುತ್ತ ಮುನಿಯಲ್ಲಮ್ಮ ಪಿನ್ನನ್ನು ಎಳೆದು ಶಾಂತಲಾಳ ಕೈಗಿತ್ತಳು. ಶಾಂತಲಾ ಅದನ್ನು ಜೋಪಾನವಾಗಿ ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟಳು.

ಹಾರ ಹಿಡಿಯಿಂದ ಇಳಿದು ಗಾಲಿಯವರೆಗೆ ಬಂತು. ನೋಡಲು ಲಕ್ಷಣವಾಗಿಯೇ ಇತ್ತು. ಆರತಿ ಮುಗಿಸಿದ ಮುನಿಯಲ್ಲಮ್ಮನ ಕಣ್ಣು ಆ ಗಾಲಿಗಳ ಮೇಲೆ ಬಿತ್ತು.

"ನಿಂಬೆಅಣ್ಣು ತತ್ತಾರಮ್ಮ."

"ಇದಕ್ಯಾಕೆ ಅತ್ತೆ ನಿಂಬೆಹಣ್ಣು?"

"ಗಾಲಿ ಐತಲ್ಲ. ಗಾಲಿ ಇದ್ಮ್ಯಾಕೆ ಗಾಡಿನೇ. ಗಾಡಿ ಪೂಜೆ ಮಾಡಿ ನಿಂಬೆಅಣ್ಣು ಅತ್ತಿಸ್ದೆ ಬಿಡ್ತಾರಾ?"

ಈ ತರ್ಕಕ್ಕೆ ಎದುರಾಡುವಂಥವರು ಉತ್ತರ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಎರಡು ಗಾಲಿಗೆ ಎರಡು ನಿಂಬೆಹಣ್ಣು ಇಟ್ಟದ್ದಾಯಿತು. ಗಾಡಿ ತಳ್ಳುವುದಕ್ಕೆ ಅಕ್ಬರ್ ಪಾಷಾನನ್ನು ಕರೆದರು. ಅವನು ಚಪ್ಪಲಿ ಬಿಟ್ಟು, ಭಕ್ತಿಯಿಂದಲೇ ಬಂದು, "ಜೈ ಅನ್ರಪ್ಪ ಎಲ್ಲಾ" ಎಂದು ತಳ್ಳಿದ. ಡೀಸೆಲ್ ಕ್ಯಾನ್ ಹಿಡಿದು ಬಾಗಿಲಿಗೆ ಬಂದ ಅನಂತರಾಜು ಕಂಡದ್ದು ಅದನ್ನೇ.

"ಪಾಷಾ, ಬೇಡ" ಎಂದ. ತಡವಾಗಿತ್ತು.

ನಿಂಬೆಹಣ್ಣು ಪಿಚಕ್ಕೆಂದಿತು. ಗಾಲಿ ತಿರುಗಿತು. ತಿರುಗಿದ ಗಾಲಿಗೆ ಹಾರ ಸುತ್ತಿಕೊಂಡಿತು, ಸುತ್ತಿಕೊಂಡ ಹಾರ ಹಿಡಿಯನ್ನು ಕೆಳಕ್ಕೆ ಎಳೆಯಿತು. ಮುಂದಿನದನ್ನು ಯಾರೂ ಎಳೆಯಬೇಕಾಗಲಿಲ್ಲ. ಬುಸ್ಸೆನ್ನುತ್ತ ಪೈಪು ಕೊಕ್ಕೆಯಿಂದ ಕಳಚಿಕೊಂಡು ಅಂಗಳದ ತುಂಬ ಕುಣಿಯತೊಡಗಿತು!

ಆಮೇಲೆ ಎಲ್ಲವೂ ಬೆಳ್ಳಗಾಯಿತು. ಅನಂತರಾಜುವಿಗೆ ನಂದಿಬೆಟ್ಟದ ಮೇಲೆ ಬೆಳಗಿನ ಮಂಜಿನಲ್ಲಿ ನಿಂತ ಹಾಗನ್ನಿಸಿತು. ಗೋಡೆ ಇಲ್ಲ, ಯಂತ್ರ ಇಲ್ಲ, ಜನ ಇಲ್ಲ. ಎಲ್ಲೋ ದೂರದಲ್ಲಿ ಯಾರೋ ಕೆಮ್ಮಿದರು, ಯಾರದೋ ಗಂಟೆ ಒಂದು ಸಲ ಕಿಣಿ ಎಂದು ಸುಮ್ಮನಾಯಿತು. ಪುಡಿ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಕಡಲೆಪುರಿಯ ಮೇಲೆ, ಬರ್ಫಿಯ ತಟ್ಟೆಗಳ ಮೇಲೆ, ರೇಷ್ಮೆ ಸೀರೆಗಳ ಮೇಲೆ ಇಳಿಯುತ್ತಿತ್ತು. ಹೊತ್ತು ಗೊತ್ತಿಲ್ಲದೆ ಒಂದು ಗಳಿಗೆ ಅವನಿಗೆ ಬಹಳ ಸುಖವೆನಿಸಿತು. ಇದೂ ಬಸ್ಸಿನ ಕನಸೇ ಇರಬಹುದು, ಇನ್ನೇನು ಕಂಡಕ್ಟರ್ ಕೂಗುತ್ತಾನೆ ಎಂದು ಕಾದ.

ಕೂಗಿದ್ದು ಮ್ಯಾನೇಜರ್ ವಿಜಯ್ ಕುಮಾರ್. ಮಂಜಿನೊಳಗಿಂದ ಅವರ ಮೀಸೆ ಮೊದಲು ಬಂತು, ಬೆಳ್ಳಗೆ.

"ಅನಂತರಾಜು, ಬೆಂಕಿ ಎಲ್ರೀ?"

"ಇನ್ನೂ ಹಚ್ಚಿಲ್ಲ ಸಾರ್."

"ಹಚ್ಚೋ ಮುಂಚೆನೇ ಆರಿಸಿಬಿಟ್ರಾ?" ಎಂದರು ವಿಜಯ್ ಕುಮಾರ್. ಮುಖ ಒರೆಸಿಕೊಳ್ಳಲು ಕರ್ಚೀಫು ತೆಗೆದರು, ಅದೂ ಬೆಳ್ಳಗಿತ್ತು. "ಸೇಫ್ಟಿ ಅಂದ್ರೆ ನಿಮ್ದು ಬಿಡಿ" ಎಂದು ಕೆಮ್ಮುತ್ತ ನಲ್ಲಿಯ ಕಡೆ ನಡೆದರು.

ಯಾರಿಗೂ ಏನೂ ಆಗಿರಲಿಲ್ಲ. ಅಕ್ಬರ್ ಪಾಷಾ ತನ್ನ ಹತ್ತೂ ಬೆರಳನ್ನು ಎಣಿಸಿ ನೋಡಿಕೊಂಡ. ಮುನಿಯಲ್ಲಮ್ಮ ಸೀರೆ ಕೊಡವಿಕೊಳ್ಳುತ್ತ, "ಪೂಜೆ ಎಚ್ಚಾಯ್ತೇನೋ ಕಣಪ್ಪ, ಮೈಮ್ಯಾಲೆ ಬಂದ್ಬಿಡ್ತು" ಎಂದಳು. ಅನಂತರಾಜುವಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಹೆಂಡತಿಯ ಮುಖವನ್ನು ಇನ್ನು ಯಾವ ಮುಖ ಹೊತ್ತು ನೋಡುವುದು? ಪಣ ಮಣ್ಣುಪಾಲಾಗಿತ್ತು; ಟ್ರೇಯಲ್ಲಿ ಡೀಸೆಲ್ ಕೂಡ ಬಿದ್ದಿರಲಿಲ್ಲ. ತಲೆ ತಗ್ಗಿಸಿಕೊಂಡು ಗಾಡಿಯ ಹತ್ತಿರ ಬಂದ.

ಶಾಂತಲಾ ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹಣೆಯ ಕುಂಕುಮವೊಂದನ್ನು ಬಿಟ್ಟರೆ ಅವಳ ಮೈಯಲ್ಲಿ ಬೇರೆ ಬಣ್ಣವೇ ಇರಲಿಲ್ಲ. ಅಪ್ಪಚ್ಚಿಯಾದ ನಿಂಬೆಹಣ್ಣಿನ ಮೇಲೆ ಬಿದ್ದ ಪುಡಿ ಸುಯ್ಯೆಂದು ನೊರೆಯೇಳುತ್ತಿತ್ತು. ಒಂದು ಗುಳ್ಳೆ ಒಡೆದರೆ ಅದರಡಿಯಿಂದ ಹತ್ತು ಗುಳ್ಳೆ. ಶಾಂತಲಾಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ರೆಪ್ಪೆ ಅಲುಗುತ್ತಿರಲಿಲ್ಲ.

"ಇಲ್ನೋಡಿ" ಎಂದಳು ಪಿಸುದನಿಯಲ್ಲಿ, ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು. "ನಿಂಬೆಹಣ್ಣು ಉಸಿರಾಡ್ತಾ ಇದೆ ಕಣ್ರೀ. ಇದೇನ್ರೀ ಇದು?"

ಅನಂತರಾಜುವಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇರುತ್ತದೆಯೇ? ಆ ಪುಡಿ ಅಡುಗೆ ಸೋಡಾದ ಖಾಸಾ ಬಂಧು, ನಿಂಬೆಯಲ್ಲಿ ಹುಳಿ, ಎರಡೂ ಸೇರಿದರೆ ಅನಿಲ, ಅನಿಲದಿಂದ ಗುಳ್ಳೆ. ಇಷ್ಟು ವರ್ಷದಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ! ಉತ್ತರ ನಾಲಿಗೆಯ ತುದಿಗೆ ಬಂದು ಕುಣಿಯಿತು. ಅವನು ಉಸಿರೆಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಅವಳ ಕಡೆ ತಿರುಗಿದ.

ತಿರುಗಿ ಆ ಮುಖ ನೋಡಿದ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕಂಡ ಮುಖಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು. ಈಗ ಬಾಯಿ ಬಿಟ್ಟರೆ ಅವಳು ಎದ್ದು ಸೀರೆ ಕೊಡವಿಕೊಂಡು ಬೇರೆ ಕೆಲಸಕ್ಕೆ ಹೋಗುತ್ತಾಳೆ ಎಂದು ಅವನಿಗೆ ಖಂಡಿತವಾಗಿ ತಿಳಿಯಿತು. ಅವನಿಗೆ ಅವಳ ಮೇಲೆ ಇನ್ನಿಲ್ಲದ ಪ್ರೀತಿ ಬಂತು. ನಾಲಿಗೆಯ ಮೇಲಿದ್ದ ರಸಾಯನಶಾಸ್ತ್ರವನ್ನೆಲ್ಲ ಕಷ್ಟಪಟ್ಟು ನುಂಗಿಕೊಂಡ.

"ಗೊತ್ತಿಲ್ಲ ಕಣೆ" ಎಂದ.

ಶಾಂತಲಾ ನಿಂಬೆಹಣ್ಣಿನಿಂದ ಕಣ್ಣು ಕಿತ್ತು ಗಂಡನನ್ನು ನೋಡಿದಳು. ನೋಡುತ್ತಲೇ ಎದ್ದು ನಿಂತಳು. ಬಾಯಿ ಮೊದಲಿಗಿಂತ ದೊಡ್ಡದಾಗಿ ತೆರೆದುಕೊಂಡಿತ್ತು.

"ಅತ್ತೆ, ಬೇಗ ಬನ್ನಿ ಇಲ್ಲಿ" ಎಂದು ಕೂಗಿದಳು. "ಇವರಿಗೆ ಗೊತ್ತಿಲ್ವಂತೆ."

ನೊರೆಯೇಳುತ್ತಿದ್ದ ನಿಂಬೆಹಣ್ಣನ್ನು ಅಲ್ಲೇ ಬಿಟ್ಟು, ಮುನಿಯಲ್ಲಮ್ಮ, ಅಕ್ಬರ್ ಪಾಷಾ, ನಲ್ಲಿಯ ಹತ್ತಿರವಿದ್ದ ವಿಜಯ್ ಕುಮಾರ್, ಹೀಗೆ ಇಡೀ ಕಾರ್ಖಾನೆಯೇ ಅನಂತರಾಜುವನ್ನು ನೋಡಲು ಓಡಿ ಬಂತು.