ರೇಡಿಯೋ ಬಂದ್ ಮಾಡಿ ಎಂದವರು

ಸರಕಾರಿ ರೇಡಿಯೋದಲ್ಲಿ ನೌಕರಿ ಮಾಡಿದವರಿಗೆ ಒಂದು ಭಾಗ್ಯ ಉಂಟು. ಬೈಸಿಕೊಳ್ಳುವುದಕ್ಕೂ ನಗುವುದಕ್ಕೂ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ, ಎರಡೂ ತಾವಾಗಿಯೇ ಬಂದು ಬಾಗಿಲು ತಟ್ಟುತ್ತವೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಮುಂಬೈಗೆ ಇನ್ನೂ ಟೀವಿ ಬಂದಿರಲಿಲ್ಲ. ನಮ್ಮ ಸ್ಟೇಷನ್ನಿನವರು ಮರಾಠಿ, ಗುಜರಾತಿ, ಹಿಂದಿಗಳ ಸಂದಿಯಲ್ಲಿ ವಾರಕ್ಕೊಂದು ಸಂಜೆ ಅರ್ಧ ಗಂಟೆ ಕನ್ನಡಕ್ಕೆ ಕೊಟ್ಟಿದ್ದರು. ಆ ಅರ್ಧ ಗಂಟೆಯ ನಿರೂಪಕಿ, ನಾಟಕದ ಅತ್ತೆ, ಅಡುಗೆಯ ಉಪದೇಶಕಿ, ತಗಡು ಅಲ್ಲಾಡಿಸಿ ಗುಡುಗು ಮಾಡುವವಳು, ಎಲ್ಲ ನಾನೇ.

ಅಧ್ಯಕ್ಷರ ತಕರಾರು

ಈ ಅರ್ಧ ಗಂಟೆಯನ್ನು ಮುಚ್ಚಿಸಿಯೇ ಸಿದ್ಧ ಎಂದು ಹಟ ತೊಟ್ಟವರು ವಿಲೆ ಪಾರ್ಲೆಯ ಒಂದು ಕನ್ನಡ ಸಂಘದ ಅಧ್ಯಕ್ಷರು. ಬೇರೆ ಭಾಷೆಯವರಲ್ಲ, ನಮ್ಮವರೇ! "ಸರಕಾರಕ್ಕೆ ಲೋಕಲ್ ಟ್ರೇನನ್ನೇ ಟೈಮಿಗೆ ಓಡಿಸಲಿಕ್ಕೆ ಬರುವುದಿಲ್ಲ. ರೇಡಿಯೋ ಯಾಕೆ ಓಡಿಸಬೇಕು? ಬಂದ್ ಮಾಡಿ!" ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವವರೆಗೂ ಅವರದು ಇದೇ ಭಾಷಣ.

ಒಂದು ದಿನ ನೇರ ನಮ್ಮ ಸಾಹೇಬರ ಕೋಣೆಗೇ ನುಗ್ಗಿದರು. ಸಾಹೇಬರು ಮರಾಠಿಯವರು, ಪಾಪದವರು, ಕನ್ನಡ ಒಂದಕ್ಷರ ಬಾರದು. ಅಧ್ಯಕ್ಷರು ಹಿಂದಿಯಲ್ಲಿ ಶುರು ಮಾಡಿದರು. ಹೋದ ವಾರದ ನಾಟಕದಲ್ಲಿ ಮಾವ ಒಳಗೆ ಬಂದಮೇಲೆ ಬಾಗಿಲು ತೆರೆದ ಸದ್ದು ಬಂತು. ಅದರ ಹಿಂದಿನ ವಾರ ಭಜನೆಯ ಕೊನೆಯ ಸಾಲನ್ನೇ ನುಂಗಿಹಾಕಿದರು. ಅದಕ್ಕೂ ಹಿಂದಿನ ವಾರ ಈ ಮೇಡಮ್ ಮೈಕಿನಲ್ಲಿ ಸೀನಿದರು.

ಸಾಹೇಬರು ಬೆರಗಾಗಿ ಕೇಳಿದರು. "ನೀವು ಎಲ್ಲ ಕಾರ್ಯಕ್ರಮ ಕೇಳುತ್ತೀರಾ?"

"ಒಂದೂ ಬಿಟ್ಟಿಲ್ಲ!" ಅಧ್ಯಕ್ಷರು ಮೇಜು ಗುದ್ದಿದರು. "ಒಂದೂ ಕೇಳುವ ಹಾಗಿಲ್ಲ!"

ಉಪ್ಪಿಲ್ಲದ ಹುಳಿ

ಸೀನಿದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಅನಾಹುತ ಅಧ್ಯಕ್ಷರ ಗಮನಕ್ಕೆ ಬಂದಿರಲಿಲ್ಲ. ಗಂಡಸರಲ್ಲವೇ, ಅಡುಗೆಯ ಭಾಗ ಬಂದಾಗ ಪೇಪರ್ ಓದುತ್ತಿದ್ದರೋ ಏನೋ.

ಒಂದು ವಾರ ಹಲಸಿನಕಾಯಿ ಹುಳಿ ಮಾಡುವ ಕ್ರಮ ಹೇಳಿದೆ. ಕೊನೆಗೆ ಸಮಯ ಮುಗಿಯುತ್ತಾ ಬಂದು, ಗಾಜಿನ ಆಚೆಯಿಂದ ಎಂಜಿನಿಯರ್ ಕೈಸನ್ನೆ ಮಾಡತೊಡಗಿದ. ಆ ಗಡಿಬಿಡಿಯಲ್ಲಿ ಉಪ್ಪು ಹೇಳುವುದೇ ಬಿಟ್ಟುಹೋಯಿತು.

ಮರುದಿನ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನಾನು ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಪ್ರತಿ ಮಹಡಿಯಲ್ಲೂ ಒಬ್ಬೊಬ್ಬ ಕನ್ನಡದ ಹೆಂಗಸು, ಉಪ್ಪಿಲ್ಲದ ಹುಳಿ ಬಡಿಸಿದ ಸಿಟ್ಟಿನಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ. ಅವರೇನು ನಿನ್ನೆ ಮೊನ್ನೆ ಅಡುಗೆ ಕಲಿತವರೇ? ಮಕ್ಕಳ ಮದುವೆ ಮಾಡಿಸಿದವರು!

"ನಾನು ಹೇಳದಿದ್ದರೆ ಏನಾಯಿತು ಮಾರಾಯ್ತಿ, ಉಪ್ಪು ಹಾಕಬೇಕು ಅಂತ ನಿಮಗೆ ಗೊತ್ತಿಲ್ಲವಾ?" ಅಂತ ಎದುರುಮನೆಯವರನ್ನು ದಬಾಯಿಸಿದೆ.

"ಗೊತ್ತುಂಟು. ಆದರೆ ರೇಡಿಯೋದವರೇ ಬೇಡ ಅಂದಮೇಲೆ, ಸರಕಾರ ಉಪ್ಪಿಗೂ ಏನೋ ಕಾನೂನು ತಂದಿರಬೇಕು ಅಂದುಕೊಂಡೆವು," ಅಂದರು ಅವರು.

ರಜೆ

ಆ ಕಾಲದಲ್ಲಿ ಕೆಲವು ಹಾಡುಗಳನ್ನು ರೆಕಾರ್ಡ್ ಮಾಡದೆ ನೇರವಾಗಿಯೇ ಬಿಡುತ್ತಿದ್ದೆವು. ಬಾಂದ್ರಾದಲ್ಲಿ ಬಿಲ್ಡಿಂಗ್ ಕೆಲಸ ಮಾಡುತ್ತಿದ್ದ ವಿಜಾಪುರದ ಕಡೆಯವನೊಬ್ಬ ಜಾನಪದ ಹಾಡಲು ಬಂದ. ಏನು ಕಂಠ ಅಂತೀರಿ! ಹಾಡು ಮುಗಿಯಿತು. ನಾನು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅವನು ಮೈಕಿಗೆ ಇನ್ನೂ ಹತ್ತಿರ ಬಾಗಿದ.

"ಮುಕಾದಮ್ ಸಾಹೇಬರ, ನಮಸ್ಕಾರರಿ. ನಮ್ಮ ತಂಗೀ ಲಗ್ನ ಐತಿ. ಎಂಟು ದಿನ ಕೆಲಸಕ್ಕ ಬರಾಂಗಿಲ್ರಿ. ಸಿಟ್ಟಾಗಬ್ಯಾಡ್ರಿ."

ಮುಕಾದಮ್ ಅಂದರೆ ಅವನ ಕೆಲಸದ ಮೇಸ್ತ್ರಿ. ಅವನನ್ನು ಹೊರಗೆ ಎಳೆದುಕೊಂಡು ಹೋಗಿ, "ಇದೇನಪ್ಪಾ, ಇದು ಪಬ್ಲಿಕ್ ರೇಡಿಯೋ. ನಿನ್ನ ರಜೆ ಕೇಳುವ ಜಾಗವಾ?" ಅಂತ ಬೈದೆ.

ಅವನಿಗೆ ಒಂದಿಷ್ಟೂ ಅಂಜಿಕೆಯಿಲ್ಲ. "ಅಕ್ಕಾರ, ಒಬ್ಬನ ಎದುರಿಗೆ ಕೇಳಿದ್ರ ಅವ ಇಲ್ಲ ಅಂತಿದ್ದ. ಈಗ ಇಡೀ ಮುಂಬೈ ಕೇಳೇತಿ. ಹ್ಯಾಂಗ ಇಲ್ಲ ಅಂತಾನ?"

ರಜೆ ಸಿಕ್ಕಿತು. ಮದುವೆಯ ಉಡುಗೊರೆಯಾಗಿ ಆಹೇರಿಗೆ ಸೀರೆಯನ್ನೂ ಮುಕಾದಮನೇ ಕೊಡಿಸಿದನಂತೆ, ತನ್ನ ಹೆಸರನ್ನೂ ರೇಡಿಯೋದಲ್ಲಿ ಹೇಳಬೇಕು ಎಂಬ ಕರಾರಿನ ಮೇಲೆ.

ಯಾರು ಹೋದದ್ದು?

ಇಷ್ಟರಲ್ಲಿ ಅಧ್ಯಕ್ಷರ ಹಟ ಫಲಿಸಿತು. ಅವರ ಕಾಟ ತಾಳಲಾರದೆ ಸಾಹೇಬರು ನನ್ನನ್ನು ಕರೆದು, "ಮೇಡಮ್, ಈ ವಾರ ಕನ್ನಡ ಬೇಡ. ಏನೂ ಹೇಳದೆ ನಿಲ್ಲಿಸಿ ನೋಡೋಣ. ಯಾರೂ ಕೇಳದಿದ್ದರೆ ಕಾಯಂ ಬಂದ್," ಅಂದರು.

ನನಗೆ ಅಳುವೇ ಬಂತು. ಅರ್ಧ ಗಂಟೆ ಹೋದರೆ ನನ್ನ ನೌಕರಿಯೇನೂ ಹೋಗುತ್ತಿರಲಿಲ್ಲ, ಟೈಪಿಂಗಿಗೆ ಕೂರಿಸುತ್ತಿದ್ದರು. ಆದರೆ ವಾರವಿಡೀ ಹೋಟೆಲುಗಳಲ್ಲಿ "ಏ ಅಣ್ಣಾ, ದೋ ಚಾಯ್" ಅಂತ ಕರೆಸಿಕೊಳ್ಳುವವರಿಗೆ ವಾರಕ್ಕೊಮ್ಮೆಯಾದರೂ ಅವರದೇ ಭಾಷೆಯಲ್ಲಿ ಯಾರಾದರೂ ನಮಸ್ಕಾರ ಹೇಳುವುದು ಬೇಡವೇ? ಇದನ್ನು ಸಾಹೇಬರಿಗೆ ಹೇಳಿದೆ. ಅವರು ಟೆಲಿಫೋನ್ ತೋರಿಸಿ, "ಇಲ್ಲೇ ಕೂತಿರಿ, ಯಾರು ಕೇಳುತ್ತಾರೋ ನೋಡಿ," ಅಂದರು.

ಸಮಯವಾಯಿತು. ನನ್ನ ನಮಸ್ಕಾರದ ಬದಲು ಯಾರೋ ಕೈಗೆ ಸಿಕ್ಕಿದ ಸಾರಂಗಿಯ ರೆಕಾರ್ಡು ಹಾಕಿದರು. ಅಲ್ಲೇ ಆದದ್ದು ಎಡವಟ್ಟು! ಆಗೆಲ್ಲ ದೇಶದ ದೊಡ್ಡವರು ಯಾರಾದರೂ ತೀರಿಕೊಂಡರೆ ರೇಡಿಯೋ ಮೊದಲು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾರ್ಯಕ್ರಮ ನಿಲ್ಲಿಸಿ ಸಾರಂಗಿ ಹಾಕುತ್ತಿತ್ತು, ಹೆಸರು ಆಮೇಲೆ ವಾರ್ತೆಯಲ್ಲಿ. ಇದು ಮಕ್ಕಳಿಗೂ ಗೊತ್ತಿದ್ದ ವಿಷಯ.

ಐದು ನಿಮಿಷವಾಗಿರಲಿಲ್ಲ, ಟೆಲಿಫೋನ್ ಹೊಡೆದುಕೊಂಡಿತು. ಬಾಂದ್ರಾದ ಉಡುಪಿ ಹೋಟೆಲಿನ ಮ್ಯಾನೇಜರ್. "ಅಕ್ಕ, ಯಾರು ಹೋದದ್ದು?"

"ಯಾರೂ ಹೋಗಲಿಲ್ಲ ಮಾರಾಯ್ರೆ."

"ನಮ್ಮ ಹತ್ರವೂ ಗುಟ್ಟಾ? ಅರ್ಧ ಶಟರ್ ಎಳೆದಾಯ್ತು. ಪೂರಾ ಎಳೆಯುವಷ್ಟು ದೊಡ್ಡವರಾ, ಅಷ್ಟು ಹೇಳಿ ಸಾಕು. ಒಳಗೆ ಇಡ್ಲಿ ಬೇಯ್ತಾ ಉಂಟು."

ಅದನ್ನು ಇಟ್ಟೆನೋ ಇಲ್ಲವೋ, ಮತ್ತೊಂದು. ನಾಳೆ ಶಾಲೆ, ಆಫೀಸಿಗೆ ಸೂಟಿ ಹೌದೋ ಅಲ್ಲವೋ ಎಂದು ಕೇಳಲು ಸಾಲುಗಟ್ಟಿದ್ದರು. ಒಬ್ಬನಿಗಂತೂ ಇಲ್ಲ ಅಂದದ್ದಕ್ಕೆ ಬಹಳ ದುಃಖವಾಯಿತು.

ಕೊನೆಗೆ ಬಂತು ಅಧ್ಯಕ್ಷರ ಸ್ವರ, ಮೆತ್ತಗೆ, ಗದ್ಗದವಾಗಿ. "ಮೇಡಮ್, ಸಂಘದಲ್ಲಿ ನಾಟಕದ ತಾಲೀಮು ನಡೆದಿತ್ತು. ಸಾರಂಗಿ ಕೇಳಿದ್ದೇ ನಿಲ್ಲಿಸಿ ಸಂತಾಪ ಸಭೆ ಶುರು ಮಾಡಿದ್ದೇನೆ. ಮೌನಾಚರಣೆ ಆಯಿತು. ತುಂಬಲಾರದ ನಷ್ಟ ಅಂತಲೂ ಹೇಳಿ ಆಯಿತು. ಹೆಸರು ಒಂದು ಬಾಕಿ. ಬೇಗ ಹೇಳಿ, ಇಲ್ಲದಿದ್ದರೆ ಮಾಟುಂಗಾದ ಸಂಘದವರು ನಮಗಿಂತ ಮೊದಲು ಸಂತಾಪ ಸೂಚಿಸಿಬಿಡುತ್ತಾರೆ. ಯಾರು ತೀರಿಕೊಂಡದ್ದು?"

"ನಮ್ಮ ಕನ್ನಡ ಕಾರ್ಯಕ್ರಮ ಸರ್," ಅಂದೆ. "ಬಂದ್ ಮಾಡಿದರು. ನೀವು ಹೇಳಿದ ಹಾಗೆಯೇ."

ಆ ಕಡೆಯಿಂದ ಸದ್ದೇ ಇಲ್ಲ. ಎರಡನೆಯ ಮೌನಾಚರಣೆ ಇರಬೇಕು ಅಂದುಕೊಂಡು ನಾನು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಸಾಹೇಬರು ಬರುವ ಮೊದಲೇ ಅವರ ಕೋಣೆಯ ಹೊರಗೆ ಅಧ್ಯಕ್ಷರು ಕೂತಿದ್ದರು. ಕಣ್ಣು ಕೆಂಪಗಾಗಿತ್ತು. ಸಾಹೇಬರನ್ನು ಕಂಡದ್ದೇ ಎದ್ದು, ಅವರ ಹಿಂದೆಯೇ ಒಳಗೆ ನುಗ್ಗಿ, "ಮೊದಲು ನಮ್ಮ ಕನ್ನಡ ಶುರು ಮಾಡಿ!" ಎಂದು ಗುಡುಗಿದರು.

"ಅರೆ, ಬಂದ್ ಮಾಡಿ ಅಂತ ಇಷ್ಟು ವರ್ಷ ಪ್ರಾಣ ತಿಂದವರು ನೀವೇ ಅಲ್ಲವೇ?" ಅಂದರು ಸಾಹೇಬರು.

"ನಾನೇ!" ಅಧ್ಯಕ್ಷರು ಮೇಜು ಗುದ್ದಿದರು. "ಇಷ್ಟು ವರ್ಷ ನನ್ನ ಒಂದು ಮಾತನ್ನಾದರೂ ಕೇಳಿದ್ದೀರಾ? ಇದೊಂದನ್ನು ಯಾಕೆ ಕೇಳಿದಿರಿ?"