ಜುಬೇದಾಬೀಯ ಎಂಟು ತಿಂಗಳ ಬಸಿರಿನ ಕುರಿತು

ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ಡಾಕ್ಟರರ ಮೇಜಿನ ಮೇಲೆ ವಿರಾಜಮಾನರಾಗಿ, ಕಿವಿಗೆ ಬಿದ್ದದ್ದನ್ನೆಲ್ಲ ಕೇಸ್‌ಪೇಪರಿಗೆ ಇಳಿಸುವ ಮಾನ್ಯ ಯಂತ್ರದವರೇ,

ಕುಷ್ಟಗಿಯ ಟೇಲರ್ ಕಾಸೀಮಸಾಬನ ಸಾವಿರ ಸಲಾಮುಗಳು. ತಾವು ಹೊಟ್ಟೆ ತುಂಬ ಚಾರ್ಜು ಉಂಡು ಸುಖವಾಗಿದ್ದೀರೆಂದು ನಂಬಿದ್ದೇನೆ.

ನನ್ನ ಹೆಂಡತಿ ಜುಬೇದಾಬೀಗೆ ಅರವತ್ತಾರು ವರ್ಷ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೊಮ್ಮಗಳು ಖುಷ್ಬುವಿಗೆ ಹುಟ್ಟಲಿರುವ ಕೂಸಿಗೆಂದು ಅವಳು ಹೊಲಿಯುತ್ತಿದ್ದ ಕೌದಿ ಅರ್ಧಕ್ಕೆ ನಿಂತಿದೆ. ಕೂಸು ಬರುವುದರೊಳಗೆ ಕಣ್ಣಿನ ಆಪರೇಷನ್ ಆಗಲೆಂದು ಹೋದ ಸೋಮವಾರ ತಮ್ಮ ಸನ್ನಿಧಿಗೆ ಬಂದೆವು. ಬಂದವರು ಐದು ಜನ. ಒಬ್ಬರೇ ದವಾಖಾನೆಗೆ ಹೋಗುವುದು ನಮ್ಮಲ್ಲಿ ದಿಕ್ಕಿಲ್ಲದವರ ಲಕ್ಷಣ. ಹಾಗೆ ಜೊತೆಗೆ ಬಂದವರು ಡಾಕ್ಟರರನ್ನು ಕಂಡೊಡನೆ ತಂತಮ್ಮ ಕಾಯಿಲೆ ಹೇಳಿಕೊಳ್ಳುವುದೂ ನಮ್ಮ ಹಳೆಯ ಪದ್ಧತಿ.

ಡಾಕ್ಟರ್ ಅಮೃತಾ ಮೇಡಂ ತಮ್ಮನ್ನು ಚಾಲೂ ಮಾಡಿಟ್ಟು, ಬ್ಯಾಟರಿಯ ಬೆಳಕು ಬಿಟ್ಟು ಕಣ್ಣು ನೋಡುತ್ತಿದ್ದಂತೆ, ಪಕ್ಕದ ಮನೆಯ ದ್ಯಾಮಣ್ಣ “ನನಗ ಹತ್ತು ವರ್ಷದಿಂದ ಶುಗರ್ ಐತ್ರಿ” ಎಂದ. ಅವನ ಹೆಂಡತಿ ಪಂಪಮ್ಮ “ದಮ್ಮು ಭಾಳ್ರಿ, ಪಾವಟಿಗಿ ಹತ್ತಾಕ ಆಗಂಗಿಲ್ಲ” ಎಂದಳು. ಖುಷ್ಬು “ನನಗ ಎಂಟು ತುಂಬೈತ್ರಿ, ಕಾಲು ಬಾತಾವು” ಎಂದಳು. ನಾನೂ ಸುಮ್ಮನಿರಲಾರದೆ ನನ್ನ ಸೊಂಟದ ಕಥೆ ಬಿಚ್ಚಿದೆ. ಪೆನ್ನು ಹಿಡಿಯುತ್ತಿದ್ದ ಕಾಲದ ಡಾಕ್ಟರರು ಇಂಥದ್ದಕ್ಕೆ ತಲೆಯನ್ನೇ ಎತ್ತುತ್ತಿರಲಿಲ್ಲ. ತಮ್ಮದೋ, ಅಬ್ಬಾ, ಎಂಥ ದೊಡ್ಡ ಮನಸ್ಸು! ಒಬ್ಬರ ಮಾತನ್ನೂ ನೆಲಕ್ಕೆ ಬೀಳಗೊಡದೆ, ಎಲ್ಲರ ರೋಗವನ್ನೂ ಜುಬೇದಾಬೀ ಒಬ್ಬಳ ಹೆಸರಿಗೇ ಬರೆದುಬಿಟ್ಟಿರಿ. ಹೊರಗೆ ಅರವತ್ತು ಮಂದಿ ಪಾಳಿ ಹಚ್ಚಿದ್ದರಿಂದ ಮೇಡಂ ಅದಕ್ಕೆ ಹಾಗೆಯೇ ಸಹಿ ಹಾಕಿದರು.

ಹೀಗಾಗಿ ನನ್ನ ಹೆಂಡತಿ ಈಗ ಎಂಟು ತಿಂಗಳ ಬಸುರಿ. ಆಪರೇಷನ್ನಿನ ತಾರೀಖು ಕೊಡುವ ನರ್ಸ್ ಉಜ್ಮಾ, ಎದುರಿಗೇ ಕುಳಿತ ನರೆಗೂದಲನ್ನು ನೋಡಿಯೂ, “ಫೈಲಿನ್ಯಾಗ ಹಂಗ ಐತ್ರಿ ಚಾಚಾ, ಹೆರಿಗಿ ಮುಗಿಸ್ಕೊಂಡು ಬರ್ರಿ” ಎಂದು ಕಳಿಸಿದಳು. ನಾವು ಕುಷ್ಟಗಿಯಲ್ಲಿ ಬಸ್ಸಿಳಿಯುವ ಮುಂಚೆಯೇ ಸುದ್ದಿ ಇಳಿದಿತ್ತು. ಮಸೀದಿಯ ಮುಂದೆ ನನ್ನ ಕೈ ಕುಲುಕಿದವರಿಗೆ ಲೆಕ್ಕವಿಲ್ಲ. ನಾನೂ ನಕ್ಕೆ. ಆದರೆ ಜುಬೇದಾಬೀ ಆ ಅರ್ಧ ಕೌದಿಯನ್ನು ಬೆರಳಿನಿಂದ ತಡವಿ ನೋಡಿ ಮಡಚಿಟ್ಟಾಗ, ನಾನು ಈ ಪತ್ರ ಬರೆಯಲು ಕುಳಿತೆ.

ಆದ್ದರಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬಸಿರು ತಮ್ಮ ಕೃಪೆಯಿಂದ ಬಂದದ್ದಾದ್ದರಿಂದ ತಾವೇ ತವರಿನವರಾಗಿ ನಿಂತು, ಹಸಿರು ಸೀರೆ, ಹಸಿರು ಬಳೆ ತಂದು ಓಣಿಗೆಲ್ಲ ಊಟ ಹಾಕಿಸಿ ಸೀಮಂತದ ಕುಬಸ ಮಾಡಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ದ್ಯಾಮಣ್ಣನ ಶುಗರನ್ನು ದ್ಯಾಮಣ್ಣನಿಗೂ, ಪಂಪಮ್ಮನ ದಮ್ಮನ್ನು ಪಂಪಮ್ಮನಿಗೂ, ಖುಷ್ಬುವಿನ ಬಸಿರನ್ನು ಖುಷ್ಬುವಿಗೂ ಮರಳಿಸಿ, ನನ್ನ ಹೆಂಡತಿಗೆ ಅವಳ ಪೊರೆಯನ್ನಷ್ಟೇ ಉಳಿಸಿಕೊಡಬೇಕು. ಐದು ಜನರಲ್ಲಿ ರೋಗಿ ಯಾರೆಂದು ಗುರುತಿಸಲು ಒಂದು ಸುಲಭ ಉಪಾಯ ಹೇಳುತ್ತೇನೆ: ಬಾಯಿ ತೆರೆಯದೆ ಕುಳಿತವರೇ ರೋಗಿ.

ಹೆರಿಗೆಯ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಕಾಸೀಮಸಾಬ, ಟೇಲರ್, ಕುಷ್ಟಗಿ

ತಾ.ಕ.: ಪತ್ರ ಅಂಚೆಗೆ ಹಾಕುವಷ್ಟರಲ್ಲಿ ಮೇಡಂ ತಪ್ಪು ತಿಳಿದು ನಮ್ಮನ್ನು ಕರೆಸಿದರು. ನನ್ನನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಹಾಕಿ, ಜುಬೇದಾಬೀಯನ್ನು ಒಬ್ಬಳನ್ನೇ ಮಾತಾಡಿಸಿದರು. ಬಸಿರು ರದ್ದಾಯಿತು, ಶುಕ್ರವಾರ ಆಪರೇಷನ್. ಆದರೆ ಹೊಸ ಕೇಸ್‌ಪೇಪರಿನಲ್ಲಿ ತಾವು ‘ತಲೆನೋವು, ಕಾರಣ ಗಂಡನ ಮಾತು, ಎಷ್ಟು ದಿನದಿಂದ, ನಿಕಾ ಆದಾಗಿನಿಂದ’ ಎಂದು ಬರೆದಿದ್ದೀರಿ. ಅದನ್ನು ಅಳಿಸಿರೆಂದು ಕೇಳಲು ಹೋದರೆ ಜುಬೇದಾಬೀ ನನ್ನ ತೋಳು ಹಿಡಿದೆಳೆದು, “ಸುಮ್ನಿರ್ರಿ, ಆ ಮಿಷನ್ನು ಭಾಳ ಛಲೋ ಐತಿ, ನಾ ಹೇಳೂದು ಮುಗಿಯೂತನಕ ನಡುವ ಬಾಯಿ ಹಾಕಲಿಲ್ಲ” ಎಂದಳು.